ರೆಕ್ಕೆಯ ತುದಿಯ ಬಿಳಿ ಮಚ್ಚೆ

ಮೆಕ್ಕೆಜೋಳದ ಹೊಲದಲ್ಲಿ ಪತಂಗಗಳನ್ನು ವಾಸನೆಯಿಂದ ಸೆಳೆದು ಹಿಡಿಯಲು ನೇತುಹಾಕಿದ ಮೋಹಕ ಬಲೆಯನ್ನು ಬೆಳಗ್ಗೆ ಬಿಚ್ಚಿದರೆ ಒಳಗೆ ಕಾಣುವುದು ಬೂದು, ಕಂದು ಬಣ್ಣದ ಒಂದಿಷ್ಟು ಪತಂಗಗಳು. ಮೇಲ್ನೋಟಕ್ಕೆ ಎಲ್ಲವೂ ಒಂದೇ. ಆದರೆ ಅವುಗಳಲ್ಲಿ ಮೆಕ್ಕೆಜೋಳವನ್ನು ತಿನ್ನುವ ಫಾಲ್ ಸೈನಿಕ ಹುಳುವಿನ ಪತಂಗ ಎಷ್ಟು, ಬೇರೆ ಜಾತಿಯವು ಎಷ್ಟು ಎಂಬುದು ತಿಳಿಯದೆ ಔಷಧಿ ಸಿಂಪಡಿಸಲು ಹೊರಡುವುದು ಸರಿಯಲ್ಲ. ಅಮೆರಿಕ ಖಂಡಗಳ ಮೂಲದ ಸ್ಪೊಡಾಪ್ಟೆರಾ ಫ್ರುಗಿಪರ್ಡಾ ಎಂಬ ಈ ಕೀಟವು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ.

ಗಂಡು ಪತಂಗದ ಮುಂದಿನ ರೆಕ್ಕೆಯ ತುದಿಯ ಬಳಿ ಬಿಳಿಯ ತ್ರಿಕೋನಾಕಾರದ ಮಚ್ಚೆಯಿರುತ್ತದೆ. ರೆಕ್ಕೆಯ ನಡುಭಾಗದಲ್ಲಿ ಓರೆಯಾಗಿ ಚಾಚಿದ, ಒಣಹುಲ್ಲಿನ ಬಣ್ಣದ ಅಂಡಾಕಾರದ ಚುಕ್ಕೆಯಿರುತ್ತದೆ. ಈ ಎರಡನ್ನೂ ಒಟ್ಟಾಗಿ ನೋಡಬೇಕು, ಒಂದನ್ನೇ ನಂಬಬಾರದು. ಇದರ ಹತ್ತಿರದ ಬಂಧುವೂ ತಂಬಾಕು, ಎಲೆಕೋಸು ಮೊದಲಾದ ಬೆಳೆಗಳ ಹಳೆಯ ಶತ್ರುವೂ ಆದ ಸ್ಪೊಡಾಪ್ಟೆರಾ ಲಿಟುರಾದ ಮುಂದಿನ ರೆಕ್ಕೆಯಲ್ಲಿ ತೆಳು ಬಣ್ಣದ ಗೆರೆಗಳು ಹೆಣೆದ ಬಲೆಯಂತೆ ಹರಡಿರುತ್ತವೆ. ಇನ್ನೂ ಚಿಕ್ಕದಾದ ಸ್ಪೊಡಾಪ್ಟೆರಾ ಎಕ್ಸಿಗುವಾದಲ್ಲಿ ದುಂಡಗಿನ, ಕಿತ್ತಳೆ ಛಾಯೆಯ ಚುಕ್ಕೆ ಎದ್ದು ಕಾಣುತ್ತದೆ. ಹಿಂದಿನ ರೆಕ್ಕೆಗಳು ಮೂರರಲ್ಲಿಯೂ ಬೆಳ್ಳಗಿರುವುದರಿಂದ ಅವುಗಳಿಂದ ಇಲ್ಲಿ ಹೆಚ್ಚು ಪ್ರಯೋಜನವಿಲ್ಲ.

ಮೋಹಕ ಬಲೆಯು ಹೆಣ್ಣು ಪತಂಗದ ವಾಸನೆಯನ್ನು ಅನುಕರಿಸಿ ಗಂಡನ್ನು ಮಾತ್ರ ಸೆಳೆಯುತ್ತದೆ. ಗುರುತು ಸ್ಪಷ್ಟವಾಗಿರುವುದೂ ಗಂಡಿನಲ್ಲಿಯೇ ಎಂಬುದು ನಮ್ಮ ಅದೃಷ್ಟ. ಹೆಣ್ಣಿನ ರೆಕ್ಕೆ ಬೂದುಗಂದಾಗಿದ್ದು, ಅದರ ಗುರುತುಗಳು ಮಸುಕು. ಅದರ ಮೇಲೆ, ಈ ಗುರುತುಗಳೆಲ್ಲವೂ ಹೆಂಚಿನಂತೆ ಒಂದರ ಮೇಲೊಂದು ಕೂತ ಸೂಕ್ಷ್ಮ ಹುರುಪೆಗಳಿಂದ ಮೂಡಿದವು. ಪತಂಗವು ಬಲೆಯೊಳಗೆ ರಾತ್ರಿಯಿಡೀ ಬಡಿದಾಡಿದರೆ ಹುರುಪೆಗಳು ಉದುರಿ, ಬಿಳಿ ಮಚ್ಚೆಯೂ ಅಳಿಸಿಹೋಗುತ್ತದೆ. ಹೀಗೆ ಸವೆದ ಪತಂಗವನ್ನು ಹಿಡಿದು ಜಾತಿಯ ಹೆಸರು ಹೇಳುವುದು ಊಹೆಯಷ್ಟೇ ಆಗುತ್ತದೆ. ಅಂಥಲ್ಲಿ ತಜ್ಞರು ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಇಲ್ಲವೆ ಡಿಎನ್‌ಎ ನೋಡಿ ನಿರ್ಧರಿಸುತ್ತಾರೆ.

ರೈತರಿಗೆ ಇದಕ್ಕಿಂತ ಹತ್ತಿರದ ದಾರಿ ಬೆಳೆಯ ಸುಳಿಯಲ್ಲಿಯೇ ಇದೆ. ಬೆಳೆದ ಮರಿಹುಳುವಿನ ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರದಂಥ ತೆಳು ಗೆರೆಯೂ, ಬಾಲದ ಹತ್ತಿರದ ಒಂದು ಖಂಡದ ಮೇಲೆ ಚೌಕಾಕಾರದಲ್ಲಿ ಜೋಡಿಸಿದ ನಾಲ್ಕು ಕಪ್ಪು ಚುಕ್ಕೆಗಳೂ ಕಂಡರೆ, ಬಲೆಯಲ್ಲಿ ಸಿಕ್ಕ ಮಸುಕು ಪತಂಗದ ಬಗೆಗಿನ ಅನುಮಾನಕ್ಕೆ ಬಹುಮಟ್ಟಿಗೆ ಉತ್ತರ ಸಿಗುತ್ತದೆ.