ಮಗುವನ್ನು ಎಷ್ಟನೇ ವಯಸ್ಸಿಗೆ ಒಂಟಿಯಾಗಿ ಶಾಲೆಗೆ ನಡೆಸಬಹುದು?

ಪ್ರಶ್ನೆ: ಶಾಲೆ ನಮ್ಮ ಮನೆಯಿಂದ ಒಂದು ಕಿಲೋಮೀಟರ್ ಕೂಡ ಇಲ್ಲ. ಮಗಳಿಗೆ ಎಂಟು ತುಂಬಿದೆ. ನಾನೊಬ್ಬಳೇ ನಡ್ಕೊಂಡು ಹೋಗ್ತೀನಿ ಅಂತ ದಿನಾ ಹಠ. ಕಳಿಸೋಕೆ ನನಗೆ ಧೈರ್ಯ ಬರ್ತಿಲ್ಲ. ಯಾವ ವಯಸ್ಸಿಗೆ ಬಿಡಬಹುದು?

ಉತ್ತರ: ಈ ಪ್ರಶ್ನೆ ಕೇಳುವ ಎಲ್ಲರಿಗೂ ಬೇಕಾಗಿರುವುದು ಒಂದು ನಂಬರ್. ಒಂಬತ್ತೋ ಹತ್ತೋ ಹೇಳಿಬಿಟ್ಟರೆ ನೆಮ್ಮದಿ, ಅಲ್ವಾ? ನಾನು ಮಾತ್ರ ತಿರುಗಿ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ದಾರಿಯಲ್ಲಿ ಎಷ್ಟು ಕಡೆ ರಸ್ತೆ ದಾಟಬೇಕು? ದಿನಾ ಅದೇ ದಾರಿಯಲ್ಲಿ ಓಡಾಡುವವರೂ ಇದಕ್ಕೆ ತಡವರಿಸುತ್ತಾರೆ, ಯಾಕೆಂದರೆ ದೊಡ್ಡವರಿಗೆ ರಸ್ತೆ ದಾಟುವುದು ಎಣಿಸಿ ನೆನಪಿಡುವಂಥ ಕೆಲಸವೇ ಅಲ್ಲ.

ಮಗುವಿಗೆ ಇಡೀ ದಾರಿಯಲ್ಲಿ ಕಷ್ಟದ ಕೆಲಸ ಅದೊಂದೇ.

ಇಂಗ್ಲೆಂಡಿನಲ್ಲಿ 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ಶೇ. 80ರಷ್ಟು ದೊಡ್ಡವರ ಜೊತೆ ಇಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಅದು ಶೇ. 9ಕ್ಕೆ ಇಳಿದಿತ್ತು. ಹತ್ತೊಂಬತ್ತು ವರ್ಷದಲ್ಲಿ ಮಕ್ಕಳೇನು ದಡ್ಡರಾಗಿಬಿಟ್ಟರಾ? ಇಲ್ಲ. ರಸ್ತೆಯಲ್ಲಿ ಕಾರು ಜಾಸ್ತಿಯಾದವು, ಅಪ್ಪ ಅಮ್ಮಂದಿರ ಭಯವೂ ಜಾಸ್ತಿಯಾಯಿತು. ಹಾಗಾಗಿ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಮಗಳ ವಯಸ್ಸಿನಲ್ಲಿದ್ದರೆ ಇನ್ನರ್ಧ ನಿಮ್ಮ ಮನೆ ಮುಂದಿನ ರಸ್ತೆಯಲ್ಲಿದೆ.

ಮೊದಲು ವಯಸ್ಸಿನ ವಿಷಯ ನೋಡೋಣ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2017ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ದೊಡ್ಡ ಪರದೆಗಳ ಮೇಲೆ ರಸ್ತೆ, ಅದರಲ್ಲಿ ಒಂದರ ಹಿಂದೆ ಒಂದು ಕಾರು. ಮಕ್ಕಳು ಸಂದಿ ನೋಡಿಕೊಂಡು ದಾಟಬೇಕು. ಎಂಟು ವರ್ಷದವರು ನೂರು ಸಲ ದಾಟಿದರೆ ಸುಮಾರು ಆರು ಸಲ 'ಗುದ್ದಿಸಿಕೊಂಡರು'. ಹನ್ನೆರಡು ವರ್ಷದವರಲ್ಲಿ ಅದು ಎರಡು. ಹದಿನಾಲ್ಕರ ಮಕ್ಕಳು ಒಮ್ಮೆಯೂ ಸಿಕ್ಕಿಹಾಕಿಕೊಳ್ಳಲಿಲ್ಲ. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಚಿಕ್ಕ ಮಕ್ಕಳು ಹೆಚ್ಚುಕಡಿಮೆ ದೊಡ್ಡವರು ಆರಿಸುವಷ್ಟೇ ಸಂದಿಯನ್ನು ಆರಿಸುತ್ತಿದ್ದರು, ಆದರೆ ಹೆಜ್ಜೆ ಎತ್ತುವುದು ತಡ. ಸಂದಿಗೆ ಮುಂಚಿನ ಕಾರು ನಮ್ಮೆದುರಿಂದ ಹೋದ ಕೂಡಲೇ ದೊಡ್ಡವರಾದ ನಮ್ಮ ಕಾಲು ತಾನಾಗಿ ಮುಂದೆ ಹೋಗುತ್ತದೆ. ಅವರು ಒಂದು ಗಳಿಗೆ ನಿಂತು, ಆಮೇಲೆ ಹೊರಡುತ್ತಾರೆ. ಹನ್ನೆರಡರ ಮಕ್ಕಳಿಗೂ ಈ ತೊಂದರೆ ಇತ್ತು, ಆದರೆ ಅವರು ಸುಮ್ನೆ ಇನ್ನೂ ದೊಡ್ಡ ಸಂದಿಗೆ ಕಾಯುತ್ತಿದ್ದರು.

ಕಣ್ಣಿನದೂ ಒಂದು ಮಿತಿ ಇದೆ. ದೂರದಲ್ಲಿರುವ ಕಾರು ಹತ್ತಿರ ಬರುತ್ತಿದೆ ಅಂತ ನಮಗೆ ಗೊತ್ತಾಗುವುದು ಅದರ ಆಕಾರ ದೊಡ್ಡದಾಗುತ್ತಾ ಬರುವುದರಿಂದ. ಜೋರಾಗಿ ಬರುವ ಕಾರನ್ನು ತುಂಬಾ ದೂರದಲ್ಲೇ ಗುರುತಿಸಬೇಕು, ಅಷ್ಟು ದೂರದಲ್ಲಿ ಆಕಾರ ಬೆಳೆಯುವುದು ಕಾಣುವುದೇ ಇಲ್ಲ ಅನ್ನುವಷ್ಟು ನಿಧಾನ. ಗಂಟೆಗೆ 32 ಕಿ.ಮೀ.ಗಿಂತ ವೇಗವಾಗಿ ಬರುವ ವಾಹನವನ್ನು ಪ್ರೈಮರಿ ಶಾಲೆಯ ಮಕ್ಕಳು ಎಷ್ಟೋ ಸಲ ಸರಿಯಾಗಿ ಅಂದಾಜು ಮಾಡಲಾರರು ಅಂತ 2011ರ ಬ್ರಿಟನ್ನಿನ ಅಧ್ಯಯನವೊಂದು ಹೇಳಿದೆ. 'ನೋಡಿಕೊಂಡು ದಾಟು' ಅಂತ ಸಾವಿರ ಸಲ ಹೇಳಿದರೂ ಕಣ್ಣಿಗೆ ಕಾಣದ್ದನ್ನು ಮಗು ಹೇಗೆ ನೋಡುತ್ತದೆ?

ಈಗ ನಿಮ್ಮ ದಾರಿಗೆ ಬರೋಣ. ಪ್ರತಿ ದಾಟುವ ಜಾಗದಲ್ಲೂ ಒಂದೇ ಪರೀಕ್ಷೆ: ಇಲ್ಲಿ ಮಗು ವೇಗ ಅಂದಾಜು ಮಾಡಬೇಕಾ, ಬೇಡವಾ? ಸಿಗ್ನಲ್ ಇದ್ದು ವಾಹನದವರು ನಿಜವಾಗಿ ನಿಲ್ಲುತ್ತಾರಾದರೆ ಬೇಡ. ವಾಹನ ನಿಲ್ಲಿಸಿ ದಾಟಿಸುವವರು ಯಾರಾದರೂ ಇದ್ದರೆ ಬೇಡ. ಹಂಪ್ ಇರುವ, ಎಲ್ಲರೂ ನಿಧಾನವಾಗಿ ಹೋಗುವ ಕಿರಿದಾದ ಬೀದಿಯಲ್ಲೂ ಹೆಚ್ಚಾಗಿ ಬೇಡ. ದಾರಿಪೂರ್ತಿ ಇಂಥ ಜಾಗಗಳೇ ಇದ್ದರೆ, ಅಭ್ಯಾಸವಾದ ಮೇಲೆ ಎಂಟು ವರ್ಷದ ಮಗು ಹೋಗಬಹುದು ಅನ್ನುವುದು ನನ್ನ ಅಭಿಪ್ರಾಯ. ನಾಲ್ಕು ಲೇನಿನ, ವಾಹನಗಳು ಬಿಡುವಿಲ್ಲದೆ ಬರುವ ಒಂದೇ ಒಂದು ರಸ್ತೆ ಇದ್ದರೂ ಅಲ್ಲಿಗೆ ಯಾರಾದರೂ ಜೊತೆಗೆ ಬೇಕು, ಮಗುವಿಗೆ ಹನ್ನೆರಡಾಗಿದ್ದರೂ.

ದೂರಕ್ಕಿಂತ ದಾಟುವ ಜಾಗ ಮುಖ್ಯ. ಇನ್ನೂರು ಮೀಟರ್ ಸುತ್ತಾದರೂ ಪರವಾಗಿಲ್ಲ, ಸುಲಭವಾಗಿ ದಾಟುವ ದಾರಿಯನ್ನೇ ಹಿಡಿಯಿರಿ.

ಇನ್ನೊಂದು ಕೆಲಸ ಮಾಡಿ, ನೋಡಿದವರು ನಗಬಹುದು. ದಾಟುವ ಜಾಗದಲ್ಲಿ ಮಗಳ ಎತ್ತರಕ್ಕೆ ಬಗ್ಗಿ ನಿಲ್ಲಿ. ನಾನು ಹೀಗೆ ಒಂದು ತಿರುವಿನಲ್ಲಿ ಮಂಡಿಯೂರಿ ಕೂತಿದ್ದಾಗ ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಏನು ಕಳ್ಕೊಂಡ್ರಿ ಅಂತ ಕೇಳಿದ್ದರು. ಎದ್ದು ನಿಂತಾಗ ರಸ್ತೆ ಪೂರ್ತಿ ಕಾಣುತ್ತಿತ್ತು. ಕೂತಾಗ ಕಂಡಿದ್ದು ನಿಲ್ಲಿಸಿದ್ದ ಒಂದು ವ್ಯಾನಿನ ಬಾಗಿಲು, ಅದರ ಹಿಡಿಕೆ, ಕೆಳಗೆ ಚಕ್ರ. ಅಷ್ಟೇ. ಬರುವ ವಾಹನ ನೋಡಬೇಕೆಂದರೆ ಮಗು ವ್ಯಾನನ್ನು ದಾಟಿ ಎರಡು ಹೆಜ್ಜೆ ರಸ್ತೆಗೇ ಇಳಿಯಬೇಕು, ಅಲ್ಲಿಯವರೆಗೆ ಡ್ರೈವರಿಗೆ ಮಗುವಿನ ತಲೆಗೂದಲೂ ಕಾಣದು. ಗಂಟೆಗೆ 48 ಕಿ.ಮೀ. ವೇಗದ ಕಾರು, ಡ್ರೈವರಿಗೆ ಮಗು ಕಂಡ ಕ್ಷಣದಿಂದ ಬ್ರೇಕ್ ಹಾಕಿ ಪೂರ್ತಿ ನಿಲ್ಲುವವರೆಗೆ, ಸುಮಾರು 23 ಮೀಟರ್ ಬೇಕು, 32ರಲ್ಲಿ ಬಂದರೆ 12 ಮೀಟರ್ ಸಾಕು. ಆ ತಿರುವು ಬಿಟ್ಟು ನಲವತ್ತು ಹೆಜ್ಜೆ ಮುಂದೆ ದಾಟಿದರೆ ವ್ಯಾನಿನ ಅಡ್ಡವೇ ಇರಲಿಲ್ಲ. ಅದು ಗೊತ್ತಾಗಿದ್ದು ಕೂತಿದ್ದಕ್ಕೆ.

ಜಪಾನಿನಲ್ಲಿ ಆರು ವರ್ಷದ ಮಕ್ಕಳೇ ನಡೆದು ಹೋಗುತ್ತಾರಲ್ಲ ಅಂತ ನೀವು ಕೇಳಬಹುದು. ಹೌದು, ಹೋಗುತ್ತಾರೆ. ಆದರೆ ಅಲ್ಲಿ ಶಾಲೆಗೆ ಹೋಗುವ ದಾರಿಯನ್ನು ಮೊದಲೇ ಗೊತ್ತುಮಾಡಿರುತ್ತಾರೆ, ಅನೇಕ ಕಡೆ ಅಕ್ಕಪಕ್ಕದ ಮಕ್ಕಳು ಗುಂಪಾಗಿ ಹೊರಡುತ್ತಾರೆ, ದೊಡ್ಡ ತರಗತಿಯವರು ಚಿಕ್ಕವರನ್ನು ಕರೆದುಕೊಂಡು ಹೋಗುತ್ತಾರೆ. ಮಗು ಒಂಟಿಯಲ್ಲ. ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಕ್ಟ್ 1990ರ ದಶಕದ ಶುರುವಿನಲ್ಲಿ ಹೇಳಿದ 'ನಡೆಯುವ ಸ್ಕೂಲ್ ಬಸ್' ಕೂಡ ಹೀಗೇ: ಬಸ್ಸಿನ ಹಾಗೆ ನಿಗದಿಯಾದ ದಾರಿ, ಸ್ಟಾಪು, ಸಮಯ, ಚಕ್ರ ಮಾತ್ರ ಇಲ್ಲ, ದೊಡ್ಡವರೊಬ್ಬರು ಮಕ್ಕಳನ್ನು ಕೂಡಿಸಿಕೊಂಡು ನಡೆಯುತ್ತಾರೆ. ನಿಮ್ಮ ಬೀದಿಯಲ್ಲಿ ಇನ್ನೂ ಮೂರು ಮನೆಯವರು ಒಪ್ಪಿದರೆ ಸರದಿ ಮೇಲೆ ಇದನ್ನೇ ಮಾಡಬಹುದು. ಕಷ್ಟದ ಆ ಒಂದು ರಸ್ತೆಗೆ ಇದಕ್ಕಿಂತ ಒಳ್ಳೆಯ ಪರಿಹಾರ ನನಗೆ ಕಂಡಿಲ್ಲ.

ಅಭ್ಯಾಸ ಹೇಗೆ ಅಂದರೆ, ಮೊದಲ ವಾರ ಕೈಹಿಡಿದು ಹೋಗಿ, ಆದರೆ ಯಾವಾಗ ದಾಟೋಣ ಅಂತ ಅವಳೇ ಹೇಳಲಿ. ಆಮೇಲೆ ಅವಳು ಮುಂದೆ, ನೀವು ಹತ್ತು ಹೆಜ್ಜೆ ಹಿಂದೆ. ರಸ್ತೆ ಮಧ್ಯೆ ಇದ್ದಾಗ ಹಿಂದಿನಿಂದ ಕೂಗಬೇಡಿ, ಕೂಗಿದರೆ ಮಗು ಅಲ್ಲೇ ನಿಂತು ತಿರುಗಿ ನೋಡುತ್ತದೆ. ದೊಡ್ಡ ಸಂದಿಗೆ ಕಾಯುವುದನ್ನು ಆಟದ ಹಾಗೆ ಕಲಿಸಿ: 'ಇದು ಸಾಕು ಅನ್ನಿಸಿದರೂ ಬಿಡು, ಇದಕ್ಕಿಂತ ದೊಡ್ಡದು ಬರಲಿ.' ಒಂದಿಡೀ ವಾರ ನೀವು ಒಮ್ಮೆಯೂ ಬಾಯಿ ಹಾಕಬೇಕಾಗಿ ಬರಲಿಲ್ಲ ಅಂದರೆ, ಕೊನೆಯ ದಾಟುವ ಜಾಗದ ಆಚೆಯಿಂದ ಒಬ್ಬಳೇ ಹೋಗಲಿ. ಮುಂದಿನ ವಾರ ಇನ್ನೊಂದು ದಾಟುವ ಜಾಗ ಹಿಂದಕ್ಕೆ ಬನ್ನಿ. ಜೋರು ಮಳೆ ಬಂದ ದಿನ, ಕತ್ತಲು ಬೇಗ ಆಗುವ ದಿನ, ರಸ್ತೆ ಅಗೆದು ದಾರಿ ಬದಲಾದ ದಿನ ಮಾತ್ರ ಅವಳು ಎಷ್ಟೇ ಬೇಡ ಅಂದರೂ ಜೊತೆಗೆ ಹೋಗಿ.