ಸತ್ತ ಲಿಂಕಿಗಿಂತ ಬದುಕಿರುವ ಹಳೇ ಪುಟದ್ದೇ ಕಾಟ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಎರಡನೇ ಆವೃತ್ತಿಯಲ್ಲಿ, ಅಂದರೆ ಪೈಥಾನ್ 2ರಲ್ಲಿ, 7/2 ಎಂದು ಬರೆದರೆ ಉತ್ತರ 3. ಪೈಥಾನ್ 3ರಲ್ಲಿ ಅದೇ ಸಾಲಿಗೆ 3.5. ಎರಡರಲ್ಲೂ ಪ್ರೋಗ್ರಾಮ್ ತಕರಾರಿಲ್ಲದೆ ಓಡುತ್ತದೆ. ಹಾಗಾಗಿ ಹಳೆಯ ಆವೃತ್ತಿಯ ಕೈಪಿಡಿ ನೋಡಿಕೊಂಡು ಹೊಸದರಲ್ಲಿ ಲೆಕ್ಕ ಬರೆದವರಿಗೆ ತಪ್ಪಾಗಿದೆ ಎಂದು ಹೇಳುವವರೇ ಇಲ್ಲ. ಎಷ್ಟೋ ದಿನದ ಮೇಲೆ ಮೊತ್ತ ತಾಳೆಯಾಗದೆ ಹೋದಾಗ ತಲೆ ಕೆರೆದುಕೊಳ್ಳಬೇಕು.

ಮುಕ್ತ ತಂತ್ರಾಂಶವೊಂದರ ವೆಬ್‌ಸೈಟನ್ನು ಚೊಕ್ಕಟವಾಗಿಡುವುದು ಎಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಮುರಿದ ಲಿಂಕುಗಳು. ನನ್ನ ಪ್ರಕಾರ ಅದು ಸುಲಭದ ಕೆಲಸ. ಇಲ್ಲದ ಪುಟ ಕೇಳಿದರೆ ಸರ್ವರ್ 404 ಎನ್ನುತ್ತದೆ; ಸೈಟಿನ ಲಿಂಕುಗಳನ್ನು ಒಂದೊಂದಾಗಿ ತಟ್ಟಿ ನೋಡಿ ಪಟ್ಟಿ ಕೊಡುವ ಪುಟ್ಟ ಪ್ರೋಗ್ರಾಮುಗಳು ಬೇಕಾದಷ್ಟಿವೆ. ಪುಟ ಬೇರೆಡೆಗೆ ಹೋಗಿದ್ದರೆ 301 ಎಂಬ ಉತ್ತರದ ಜೊತೆ ಹೊಸ ವಿಳಾಸ ಕೊಟ್ಟರಾಯಿತು, ಬ್ರೌಸರ್ ತಾನೇ ಅಲ್ಲಿಗೆ ಹೋಗುತ್ತದೆ. ಬೇಕೆಂದೇ ತೆಗೆದುಹಾಕಿದ್ದರೆ 410. ತೊಂದರೆ ಇರುವುದು 200ರಲ್ಲಿ, ಅಂದರೆ ‘ಪುಟ ಸಿಕ್ಕಿತು’ ಎಂಬ ಉತ್ತರದಲ್ಲಿ. ಹೋದ ವರ್ಷದ ಪಂಚಾಂಗವೂ ಚೆನ್ನಾಗಿಯೇ ಓದಲು ಬರುತ್ತದೆ, ತಿಥಿ ಮಾತ್ರ ತಪ್ಪು. ಅದನ್ನು ಯಾವ ಸರ್ವರೂ ಹೇಳುವುದಿಲ್ಲ.

ಹಳೆಯದನ್ನೆಲ್ಲ ಅಳಿಸಿಬಿಟ್ಟರೆ? ಪೈಥಾನಿನವರು ಆ ದಾರಿ ಹಿಡಿಯಲಿಲ್ಲ. ಅವರ ಕೈಪಿಡಿಯ ಹಳೆಯ ವಿಳಾಸಗಳಲ್ಲಿ ಆವೃತ್ತಿಯ ಸಂಖ್ಯೆಯೇ ಇರಲಿಲ್ಲ. ಪೈಥಾನ್ 2ರ ಕಾಲದ ಪುಸ್ತಕಗಳೂ ಪ್ರಶ್ನೋತ್ತರಗಳೂ ಆ ವಿಳಾಸಗಳನ್ನೇ ಕೊಟ್ಟಿದ್ದವು. ಪೈಥಾನ್ ಕಟ್ಟುವವರಲ್ಲಿ ಒಬ್ಬರಾದ ನಿಕ್ ಕಾಗ್ಲನ್ 2012ರಲ್ಲಿ ಮುಂದಿಟ್ಟ ಪೆಪ್ 430 ಎಂಬ ಪ್ರಸ್ತಾವ ಇದಕ್ಕೊಂದು ಜಾಣ ಉಪಾಯ ಹೇಳಿತು: ಮುಂಬಾಗಿಲಿನಿಂದ ಬಂದವರಿಗೆ ಪೈಥಾನ್ 3ರ ಕೈಪಿಡಿ ತೋರಿಸಿ, ಹಳೆಯ ಲಿಂಕ್ ಹಿಡಿದು ನೇರ ಒಳಪುಟಕ್ಕೆ ಬಂದವರನ್ನು ಪೈಥಾನ್ 2ರ ಅದೇ ಪುಟಕ್ಕೆ ಕಳಿಸಿ. ಯಾರು ಯಾವುದನ್ನು ಹುಡುಕಿ ಬಂದಿರಬಹುದು ಎಂದು ಯೋಚಿಸಿ ಮಾಡಿದ ಕೆಲಸ ಇದು. 2020ರ ಜನವರಿ 1ಕ್ಕೆ ಪೈಥಾನ್ 2ರ ಬೆಂಬಲ ನಿಂತಿತು. ಆ ಪುಟಗಳು ಈಗಲೂ ಇವೆ, ಆದರೆ ‘ಇದು ಬೆಂಬಲವಿಲ್ಲದ ಹಳೆಯ ಆವೃತ್ತಿ’ ಎಂಬ ಪಟ್ಟಿ ತಲೆಯ ಮೇಲೇ ಇದೆ.

ಲಿನಕ್ಸ್ ಆಧರಿಸಿದ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಡೆಬಿಯನ್‌ನದು ಇನ್ನೂ ಸೂಕ್ಷ್ಮ. ಅದರ ವೆಬ್‌ಸೈಟ್ ಹಲವು ಭಾಷೆಗಳಲ್ಲಿದೆ, ಅನುವಾದ ಮಾಡುವವರೆಲ್ಲ ಸ್ವಯಂಸೇವಕರು. ಇಂಗ್ಲಿಷ್ ಪುಟ ಬದಲಾದ ದಿನವೇ ಜಪಾನಿ ಪುಟವೂ ಬದಲಾಗಲಿ ಎಂದರೆ ಆಗದ ಮಾತು. ಅದಕ್ಕೇ ಪ್ರತಿ ಅನುವಾದದ ಕಡತದೊಳಗೆ, ಓದುಗರಿಗೆ ಕಾಣದಂತೆ, ಒಂದು ಸಾಲು ಇರುತ್ತದೆ: ಮೂಲದ ಯಾವ ಆವೃತ್ತಿಯಿಂದ ಇದನ್ನು ಅನುವಾದಿಸಲಾಯಿತು ಎಂಬ ಗುರುತು. ಪುಟ ಕಟ್ಟುವ ಪ್ರೋಗ್ರಾಮ್ ಆ ಗುರುತನ್ನು ಈಗಿನ ಮೂಲದ ಜೊತೆ ಹೋಲಿಸುತ್ತದೆ. ಅನುವಾದ ತೀರಾ ಹಿಂದೆ ಬಿದ್ದಿದ್ದರೆ ‘ಇದು ಹಳತಾಗಿದೆ, ಮೂಲ ನೋಡಿ’ ಎಂದು ಪುಟದಲ್ಲೇ ಹಾಕುತ್ತದೆ. ಯಾವ ಪುಟಕ್ಕೆ ಕೈಹಾಕಬೇಕು ಎಂಬುದು ಅನುವಾದಕರಿಗೂ ಇದರಿಂದಲೇ ತಿಳಿಯುತ್ತದೆ. ಕನ್ನಡದಲ್ಲಿ ಇಂಥ ಕೆಲಸ ಮಾಡುವವರು ಮೊದಲು ಕದಿಯಬೇಕಾದ ಉಪಾಯ ಇದೇ ಎನ್ನುತ್ತೇನೆ.

ಸೈಟಿನ ಮನೆಯೇ ಮುಚ್ಚುವುದೂ ಉಂಟು. ಲೋಹಿತ್ ಕನ್ನಡ ಫಾಂಟಿನ ಯೋಜನೆ ಇದ್ದದ್ದು ಮುಕ್ತ ತಂತ್ರಾಂಶಗಳಿಗೆ ಜಾಗ ಕೊಡುತ್ತಿದ್ದ ಫೆಡೋರಾಹೋಸ್ಟೆಡ್ ಎಂಬ ತಾಣದಲ್ಲಿ. ಅದು 2017ರಲ್ಲಿ ಬಾಗಿಲು ಹಾಕಿತು, ಯೋಜನೆ ಪಾಗೂರ್ ಎಂಬ ಅಂಥದೇ ಇನ್ನೊಂದು ತಾಣಕ್ಕೆ ಗಂಟುಮೂಟೆ ಕಟ್ಟಿತು.

ಎಲ್ಲಕ್ಕಿಂತ ಕೆಟ್ಟದ್ದು, ವಿಳಾಸ ಹಾಗೇ ಇದ್ದು ಒಡೆಯ ಬದಲಾಗುವುದು. ಹಳೆಯ ಬ್ರೌಸರುಗಳಲ್ಲಿ ಇಲ್ಲದ ಜಾವಾಸ್ಕ್ರಿಪ್ಟ್ ಸೌಲಭ್ಯಗಳನ್ನು ತುಂಬಿಕೊಡಲು ಪಾಲಿಫಿಲ್ ಎಂಬ ಮುಕ್ತ ತಂತ್ರಾಂಶ ಇತ್ತು. ಪಾಲಿಫಿಲ್ ಡಾಟ್ ಐಒ ವಿಳಾಸದ ಒಂದು ಸಾಲನ್ನು ಪುಟಕ್ಕೆ ಸೇರಿಸಿದರೆ ಸಾಕಿತ್ತು, ಕೋಡ್ ಅಲ್ಲಿಂದಲೇ ಬರುತ್ತಿತ್ತು. 2024ರ ಫೆಬ್ರವರಿಯಲ್ಲಿ ಆ ಡೊಮೈನ್ ಫನ್‌ನಲ್ ಎಂಬ ಕಂಪನಿಯ ಕೈಸೇರಿತು. ಮೂಲ ಲೇಖಕ ಆಂಡ್ರ್ಯೂ ಬೆಟ್ಸ್ ಆಗಲೇ ಎಚ್ಚರಿಸಿದರು: ಈಗಿನ ಬ್ರೌಸರುಗಳಿಗೆ ಇದರ ಅಗತ್ಯವೇ ಇಲ್ಲ, ಕೂಡಲೇ ಕಿತ್ತುಹಾಕಿ. ಸಾಲು ಕೆಲಸ ಮಾಡುತ್ತಲೇ ಇತ್ತಲ್ಲ, ಬಹಳ ಮಂದಿ ಮುಟ್ಟಲಿಲ್ಲ. ಜೂನಿನಲ್ಲಿ ನೋಡಿದರೆ ಒಂದು ಲಕ್ಷಕ್ಕೂ ಹೆಚ್ಚು ಸೈಟುಗಳ ಮೂಲಕ ಮೊಬೈಲ್ ಬಳಕೆದಾರರನ್ನು ಜೂಜಿನ ತಾಣಗಳತ್ತ ತಳ್ಳುವ ಕೋಡ್ ಹರಿಯುತ್ತಿತ್ತು. ಸೈಟುಗಳಿಗೂ ಓದುಗರಿಗೂ ನಡುವೆ ನಿಂತು ಪುಟ ತಲುಪಿಸುವ ಕಂಪನಿ ಕ್ಲೌಡ್‌ಫ್ಲೇರ್ ತನ್ನ ಮೂಲಕ ಸಾಗುವ ಪುಟಗಳಲ್ಲಿ ಆ ಸಾಲನ್ನು ತಾನೇ ತಿದ್ದತೊಡಗಿತು. ಡೊಮೈನ್ ನೋಂದಾಯಿಸಿದ್ದ ನೇಮ್‌ಚೀಪ್ ಕೊನೆಗೆ ಆ ಹೆಸರನ್ನೇ ತಡೆಹಿಡಿಯಿತು. ಆಮೇಲೆ ಆ ಲಿಂಕು ಸತ್ತಿತು, ಲಿಂಕ್ ಪರೀಕ್ಷಿಸುವ ಪ್ರೋಗ್ರಾಮುಗಳ ಪಟ್ಟಿಗೂ ಬಂತು.