ಮಂಗಳೂರಿನಿಂದ ಕಾರವಾರಕ್ಕೆ ಮೂರು ದಿನ: ಮಕ್ಕಳು, ಹಿರಿಯರ ಜೊತೆ ಎಲ್ಲೆಲ್ಲಿ ಇಳಿಯಬೇಕು?

ಓದುಗರ ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಮಂಗಳೂರಿನಿಂದ ಕಾರವಾರದವರೆಗೆ ಕಾರಿನಲ್ಲಿ ಹೋಗುವ ಯೋಚನೆ ಇದೆ. ಮೂರು ದಿನ ಸಿಗುತ್ತದೆ. ಜೊತೆಗೆ ಆರು ಮತ್ತು ಹತ್ತು ವರ್ಷದ ಮಕ್ಕಳು, ಮೊಣಕಾಲು ನೋವಿರುವ ಅಮ್ಮ. ದೇವಸ್ಥಾನಗಳನ್ನು ಹಿಂದೆಯೇ ನೋಡಿಯಾಗಿದೆ. ಈ ಸಲ ಬಯಲಲ್ಲಿ ಓಡಾಡುವಂಥ, ಮಕ್ಕಳು ಆಡುವಂಥ ಜಾಗಗಳು ಬೇಕು. ಎಲ್ಲೆಲ್ಲಿ ಇಳಿಯಬಹುದು?

ಉತ್ತರ: ಮೊದಲನೆಯದಾಗಿ, ಬೀಚುಗಳ ಪಟ್ಟಿ ಹಿಡಿದು ಹೊರಡಬೇಡಿ. ಹೆದ್ದಾರಿ 66ರಲ್ಲಿ ಈ ದಾರಿ ಸುಮಾರು 270 ಕಿ.ಮೀ., ಎಡಕ್ಕೆ ತಿರುಗಿದಲ್ಲೆಲ್ಲ ಕಡಲು. ಮೂರನೇ ಬೀಚಿನ ಹೊತ್ತಿಗೆ ಮಕ್ಕಳಿಗೆ ಸಾಕಾಗಿರುತ್ತದೆ, ಹೊಯ್ಗೆಯಲ್ಲಿ ಹೆಜ್ಜೆ ಹೂತು ಅಮ್ಮನ ಮೊಣಕಾಲು ನೋವು ಹೆಚ್ಚಿರುತ್ತದೆ. ನಿಮ್ಮಂಥ ಕುಟುಂಬಕ್ಕೆ ಇಲ್ಲಿನ ನಿಜವಾದ ಸಂಪತ್ತು ಇರುವುದು ಅಳಿವೆಗಳ ಒಳಮಗ್ಗುಲಲ್ಲಿ: ನಿಂತಂತಿರುವ ನೀರು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಏಡಿ, ಹಕ್ಕಿ. ಒಳಮಗ್ಗುಲು ಅಂದಿದ್ದನ್ನು ಗಮನಿಸಿ. ನದಿ ಕಡಲಿಗೆ ಬೀಳುವ ಬಾಯಿಯಲ್ಲಿ ಮಾತ್ರ ನೀರಿಗೆ ಇಳಿಯಲೇಬಾರದು, ಅಲ್ಲಿನ ಸೆಳೆತ ದೊಡ್ಡವರನ್ನೂ ಎಳೆದೊಯ್ಯುತ್ತದೆ.

ಎರಡನೆಯದು ಹೊತ್ತಿನ ಲೆಕ್ಕ. ಹನ್ನೊಂದರಿಂದ ಮೂರೂವರೆಯವರೆಗೆ ಡಿಸೆಂಬರಿನಲ್ಲೂ ದಡದಲ್ಲಿ ನಿಲ್ಲಲಾಗದ ಬಿಸಿಲು. ಆ ಹೊತ್ತನ್ನು ಊಟಕ್ಕೂ ಪ್ರಯಾಣಕ್ಕೂ ಬಿಡಿ. ಆರು ಗಂಟೆ ದಾಟುವಷ್ಟರಲ್ಲಿ ಸೂರ್ಯ ಮುಳುಗುತ್ತಾನೆ. ಅಂದರೆ ದಿನಕ್ಕೆ ಬೆಳಿಗ್ಗೆ ಒಂದು, ಸಂಜೆ ಒಂದು ಜಾಗ. ಅದಕ್ಕಿಂತ ಹೆಚ್ಚು ತುರುಕಿದರೆ ಎಲ್ಲವೂ ಅರ್ಧಂಬರ್ಧ.

ಮೊದಲ ದಿನದ ಬೆಳಿಗ್ಗೆಯನ್ನು ಮಂಗಳೂರಿನ ಪಿಲಿಕುಳ ನಿಸರ್ಗಧಾಮಕ್ಕೆ ಕೊಡಿ. ಪ್ರಾಣಿಗಳಿರುವ ಜೈವಿಕ ಉದ್ಯಾನ, ಕೆರೆ, ತಾರಾಲಯ ಎಲ್ಲ ಒಂದೇ ಆವರಣದಲ್ಲಿದ್ದರೂ ನಡುವೆ ನಡಿಗೆ ಸಾಕಷ್ಟಿದೆ. ಅಮ್ಮನಿಗಾಗಿ ಒಂದೆರಡನ್ನೇ ಆರಿಸಿಕೊಳ್ಳಿ. ಸಂಜೆಗೆ ಎರಡು ದಾರಿ. ಮಕ್ಕಳು ನೀರಿಗೆ ಇಳಿಯಲೇಬೇಕು ಅಂತಿದ್ದರೆ ಪಡುಬಿದ್ರಿಯ ಬ್ಲೂ ಫ್ಲ್ಯಾಗ್ ಬೀಚ್. ಬ್ಲೂ ಫ್ಲ್ಯಾಗ್ ಅಂದರೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಸಿಗುವ ಅಂತರರಾಷ್ಟ್ರೀಯ ಮಾನ್ಯತೆ. 2020ರಲ್ಲಿ ರಾಜ್ಯದಲ್ಲಿ ಅದು ಸಿಕ್ಕಿದ್ದು ಇದಕ್ಕೂ ಹೊನ್ನಾವರದ ಕಾಸರಕೋಡಿಗೂ. ಈ ಮಾನ್ಯತೆ ಸಿಗಬೇಕಾದರೆ ಈಜುವ ಜಾಗ ಗುರುತಾಗಿರಬೇಕು, ಕಾವಲಿಗೆ ಜೀವರಕ್ಷಕರಿರಬೇಕು, ನೀರಿನ ಪರೀಕ್ಷೆ ನಡೆಯಬೇಕು, ನಡೆಯಲು ಕಷ್ಟವಿರುವವರಿಗೂ ದಾರಿ ಇರಬೇಕು. ಶೌಚಾಲಯ, ಸ್ನಾನದ ವ್ಯವಸ್ಥೆಯೂ ಇರುವುದರಿಂದ ಹಸಿ ಬಟ್ಟೆಯಲ್ಲೇ ಮಕ್ಕಳನ್ನು ಕಾರಿಗೆ ಹತ್ತಿಸುವ ಪಾಡಿಲ್ಲ.

ನೀರು ಬೇಡವೆಂದಾದರೆ ಕಾಪು. 1901ರ ಲೈಟ್‌ಹೌಸ್ ಬಂಡೆಯ ಮೇಲೆ ನಿಂತಿದೆ, ಒಳಗೆ ಬಿಡುವುದು ಸಂಜೆ ಹೊತ್ತು ಮಾತ್ರ. ಮೆಟ್ಟಿಲು ಸುತ್ತುತ್ತಾ ಏರುತ್ತದೆ, ತುದಿಯಲ್ಲಿ ಬಹಳ ಕಿರಿದು. ಅಮ್ಮ ಹತ್ತುವುದು ಬೇಡ. ನೀರು ಇಳಿದಾಗ ಬಂಡೆಯ ಸಂದುಗಳಲ್ಲಿ ನಿಂತ ಗುಂಡಿಗಳನ್ನು ಮಕ್ಕಳಿಗೆ ತೋರಿಸಿ, ಪುಟ್ಟ ಮೀನು, ಏಡಿ ಕಾಣುತ್ತವೆ. ಹಸಿರು ಪಾಚಿ ಇರುವ ಕಲ್ಲಿಗೆ ಕಾಲಿಡದಂತೆ ಮೊದಲೇ ಹೇಳಿ.

ರಾತ್ರಿ ಉಡುಪಿ ಅಥವಾ ಮಲ್ಪೆಯಲ್ಲಿ ತಂಗಿದರೆ ಮರುದಿನ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೆಳಗಿನ ದೋಣಿ ಹಿಡಿಯಬಹುದು. ಇಡೀ ಪ್ರವಾಸದಲ್ಲಿ ತಪ್ಪಿಸಬಾರದ ಒಂದು ಜಾಗ ಯಾವುದೆಂದರೆ ಇದೇ. ಅಲ್ಲಿ ಕಾಣುವ ಕಲ್ಲಿನ ಕಂಬಗಳನ್ನು ಯಾರೂ ಕಡೆದದ್ದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾ ಆರುತ್ತಾ ಕುಗ್ಗಿ, ಬಿರುಕು ಬಿಟ್ಟು ಐದಾರು ಮುಖದ ಕಂಬಗಳಾಗಿ ಒಡೆಯಿತು. ಒಂದು ಕಂಬದ ತಲೆಯ ಮೂಲೆಗಳನ್ನು ಮಕ್ಕಳೇ ಎಣಿಸಲಿ. ಎಲ್ಲವೂ ಆರಲ್ಲ, ಐದು, ಏಳೂ ಸಿಗುತ್ತವೆ. ವಾರದ ನಡುವೆ ಹೋದರೆ ದೋಣಿಗೆ ಜನ ಸೇರುವವರೆಗೆ ಕಾಯಬೇಕಾಗಬಹುದು. ದಡದಲ್ಲಿ ಮರಳಿಗಿಂತ ಒಡೆದ ಚಿಪ್ಪು ಜಾಸ್ತಿ, ಬರಿಗಾಲು ಕೊಯ್ಯುತ್ತದೆ. ಹಿಂಬದಿ ಪಟ್ಟಿ ಇರುವ ಚಪ್ಪಲಿ ಬೇಕು. ಹತ್ತಿಳಿಯುವಾಗ ದೋಣಿ ಅಲುಗುತ್ತದೆ, ಅಮ್ಮನಿಗೆ ಅದು ಕಷ್ಟವೆನಿಸಿದರೆ ಒಬ್ಬರು ಅವರ ಜೊತೆ ಮಲ್ಪೆಯಲ್ಲೇ ಉಳಿದು ಸೀ ವಾಕ್‌ನಲ್ಲಿ ಅಡ್ಡಾಡಲಿ.

ದ್ವೀಪಕ್ಕೆ ಹೋಗಲಾಗದಿದ್ದರೆ ಅದರ ಬದಲು, ಮುಂದೆ ಸಾಲಿಗ್ರಾಮದ ಬಳಿ ಕಾಂಡ್ಲಾ ನಡುವೆ ಕಯಾಕ್ (ಹುಟ್ಟು ಹಾಕುವ ಪುಟ್ಟ ದೋಣಿ) ಮಾಡಿಸುತ್ತಾರೆ. ಹತ್ತರ ಮಗುವನ್ನು ಕೂರಿಸುವ ಮುನ್ನ ಲೈಫ್ ಜಾಕೆಟ್ಟನ್ನು ನೀವೇ ಪರೀಕ್ಷಿಸಿ. ಬಕಲ್ ಎಲ್ಲ ಹಾಕಿ, ಪಟ್ಟಿ ಬಿಗಿದು, ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆಯಿರಿ. ಜಾಕೆಟ್ ಗಲ್ಲ ದಾಟಿ ಕಿವಿಯವರೆಗೆ ಬಂದರೆ ಅದು ದೊಡ್ಡದು. ನೀರಿಗೆ ಬಿದ್ದರೆ ಮಗು ಅದರೊಳಗಿಂದ ಜಾರುತ್ತದೆ. ಚಿಕ್ಕದು ಕೇಳಿ, ಇಲ್ಲವೆಂದರೆ ವಾಪಸ್ ಬನ್ನಿ.

ಸಂಜೆ ಮರವಂತೆ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ. ನದಿ ಕಡಲಿನ ಅಷ್ಟು ಹತ್ತಿರ ಬಂದೂ ಸೇರದೆ ತಿರುಗಿ ಗಂಗೊಳ್ಳಿ ಕಡೆ ಹೋಗುತ್ತದೆ. ಅಮ್ಮನಿಗೆ ಕಾರಿನ ಪಕ್ಕದಲ್ಲೇ ಕೂತು ನೋಡುವಂಥ ಸೂರ್ಯಾಸ್ತ. ಆದರೆ ಈಜಬೇಡಿ, ಹೆದ್ದಾರಿಯ ಅಂಚಿನಲ್ಲಿ ಗಾಡಿ ನಿಲ್ಲಿಸಿ ಮಕ್ಕಳನ್ನು ಇಳಿಸಲೂಬೇಡಿ.

ರಾತ್ರಿ ಹೊನ್ನಾವರ ತಲುಪಿ. ಮೂರನೇ ದಿನ ಬೆಳಿಗ್ಗೆ ಕಾಸರಕೋಡಿನ ಶರಾವತಿ ಕಾಂಡ್ಲಾ ನಡಿಗೆ ಹಾದಿ. ಮರದ ಹಲಗೆಯ ಸಮತಟ್ಟಾದ ದಾರಿ, ಮೇಲೆ ನೆರಳು, ಹೊಯ್ಗೆಯ ತೊಂದರೆಯಿಲ್ಲ. ಅಮ್ಮ ಹಾಯಾಗಿ ನಡೆಯಬಹುದಾದ ಜಾಗ. ಇಲ್ಲಿ ಇಳಿತದ ಹೊತ್ತಿಗೆ ಹೋಗಿ. ಕೆಸರಿನಿಂದ ಪೆನ್ಸಿಲಿನಂತೆ ಎದ್ದ ಉಸಿರುಬೇರುಗಳು, ಅವುಗಳ ನಡುವೆ ಏಡಿ ಕಾಣುವುದು ಆಗಲೇ. ಆ ಕೆಸರಿನೊಳಗೆ ಗಾಳಿಯಾಡುವುದಿಲ್ಲ, ಅದಕ್ಕೇ ಬೇರು ಮೇಲೆ ಬರುತ್ತದೆ. ಉಬ್ಬರದಲ್ಲಿ ಇದೆಲ್ಲ ಮುಳುಗಿರುತ್ತದೆ, ಆಗ ದೋಣಿಯಲ್ಲಿ ಹೋಗುವುದೇ ಚೆಂದ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರೂಕಾಲು ಗಂಟೆ, ಇವತ್ತಿನ ವೇಳೆಗಿಂತ ನಾಳೆ ಸುಮಾರು 50 ನಿಮಿಷ ತಡವಾಗುತ್ತದೆ. ಹಿಂದಿನ ಸಂಜೆಯೇ ದಡದಲ್ಲಿ ಯಾರನ್ನಾದರೂ ಕೇಳಿದರೆ ಮರುದಿನದ ಲೆಕ್ಕ ಸಿಕ್ಕಿಬಿಡುತ್ತದೆ.

ಬದಲಿ ಜಾಗ ಬೇಕಿದ್ದರೆ, ಹತ್ತಿರದ ಅಪ್ಸರಕೊಂಡದಲ್ಲಿ ಗುಡ್ಡದ ಮೇಲಿನ ಉದ್ಯಾನದಿಂದ ಕಡಲು ಕಾಣುತ್ತದೆ, ಜಲಪಾತಕ್ಕೆ ಮೆಟ್ಟಿಲಿಳಿಯಬೇಕು. ಮುಂದೆ ಕುಮಟಾ ದಾಟಿದರೆ ಮಿರ್ಜಾನ್ ಕೋಟೆ, ಹೆದ್ದಾರಿಯಿಂದ ಕೂಗಳತೆ ದೂರ. ನೆರಳಿಲ್ಲ, ನಡುಹಗಲು ಬೇಡ. ಸಂಜೆ ಕಾರವಾರದ ಟ್ಯಾಗೋರ್ ಬೀಚ್, ಪಕ್ಕದಲ್ಲೇ ಚಾಪಲ್ ಯುದ್ಧನೌಕೆ ಮ್ಯೂಸಿಯಂ. ಗೋಕರ್ಣವನ್ನು ಬೇಕೆಂದೇ ಬಿಟ್ಟಿದ್ದೇವೆ. ಓಂ ಬೀಚಿನಿಂದ ಹಾಫ್ ಮೂನ್, ಪ್ಯಾರಡೈಸ್ ಕಡೆಗಿನ ಕಾಲುದಾರಿ ಅಪರೂಪದ್ದೇ, ಆದರೆ ಗುಡ್ಡದಂಚಿನ ಕಲ್ಲುದಾರಿ ನಿಮ್ಮ ಅಮ್ಮನಿಗಲ್ಲ.

ಕೊನೆಯದಾಗಿ ಸೆಳೆತದ ವಿಷಯ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು, ಮಳೆಗಾಲ ಮುಗಿದು ತಿಂಗಳುಗಳಾದ ಮೇಲೆ. ಅಲೆಗಳು ಸಾಲಾಗಿ ಒಡೆಯುತ್ತಿರುವಾಗ ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ನೊರೆಯಿಲ್ಲದೆ, ನೀರು ಶಾಂತವಾಗಿ, ಕೆಲವೊಮ್ಮೆ ಕೆಂಪಗೆ ಕದಡಿ ಕಂಡರೆ ಅದೇ ಸೆಳೆತ. ದಡಕ್ಕೆ ಬಂದ ನೀರು ಹಿಂದಕ್ಕೆ ಹೋಗುವ ದಾರಿ ಅದು. ತಿಳಿಯದವರು ಅಲ್ಲಿ ಅಲೆ ಕಡಿಮೆ ಎಂದು ಅಲ್ಲೇ ಇಳಿಯುತ್ತಾರೆ. ಸಿಕ್ಕಿಬಿದ್ದವರು ನೇರ ದಡದತ್ತ ಈಜಿ ಸುಸ್ತಾಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಅಲೆ ಒಡೆಯುವಲ್ಲಿ ಒಳಬರಬೇಕು. ಈಜು ಬಾರದವರು ಅಂಗಾತ ತೇಲುತ್ತಾ ಕೈಯೆತ್ತಿ ಕೂಗಬೇಕು. ದಡದಲ್ಲಿರುವವರು ಹಿಂದೆಯೇ ಧುಮುಕದೆ ಹಗ್ಗ, ಖಾಲಿ ಕ್ಯಾನು, ತೇಲುವಂಥದ್ದೇನಾದರೂ ಎಸೆಯಬೇಕು. ಆರು ವರ್ಷದ ಮಗುವಿಗೆ ಮೊಣಕಾಲಿನ ನೀರೇ ಮಿತಿ, ಅದೂ ದೊಡ್ಡವರ ಕೈ ಹಿಡಿದು.